ಪಾಸ್‌ವರ್ಡಿನ ಉಳಿದರ್ಧ

ಸಿಬ್ಬಂದಿಯ ಹೆಸರು, ಕಾರ್ಡುಗಳ ದಾಖಲೆಯಿದ್ದ ಡೈರೆಕ್ಟರಿಯ ಪಾಸ್‌ವರ್ಡು ಪೂರ್ತಿಯಾಗಿ ಯಾರೊಬ್ಬರಿಗೂ ಗೊತ್ತಿರಬಾರದೆಂಬುದು ಆ ಕಚೇರಿಯ ನಿಯಮ. ಮೊದಲರ್ಧ ಮ್ಯಾನೇಜರರದು, ಉಳಿದರ್ಧ ವಿನುತಾಳದು. ಅಂದು ತಣ್ಣಗೆ ಕೊರೆಯುವ ಸರ್ವರ್ ಕೋಣೆಯಲ್ಲಿ ಹೊಸ ಪಾಸ್‌ವರ್ಡಿನ ತನ್ನ ಪಾಲನ್ನು ಅವಳು ಕೊನೆಯ ಬಾರಿಗೆಂದುಕೊಂಡೇ ಒತ್ತಿದಳು. ಸೋಮವಾರ ಬೇರೆ ಕಡೆ ಹೊಸ ಕೆಲಸಕ್ಕೆ ಸೇರದಿದ್ದರೆ ಅದು ಕೈತಪ್ಪುತ್ತಿತ್ತು. ಇಲ್ಲಿನ ಬಿಡುಗಡೆ ಪತ್ರಕ್ಕೆ ಮ್ಯಾನೇಜರರ ಸಹಿಯೊಂದೇ ಬಾಕಿ.

"ಕಾರ್ಡು ನೋಡಿ ಬಾಗಿಲು ತೆಗೆಯೋ ಸರ್ವರಿಗೂ ಇದನ್ನೇ ಹಾಕಬೇಕು ಸರ್."

"ನಾನೇ ಮಾಡ್ತೀನಿ. ನೀವಿಲ್ಲದೆ ನಡೆಸೋದು ಕಲೀಬೇಕಲ್ಲ. ಹೊರಗೆ ಕೂತಿರಿ, ಬಂದು ಸಹಿ ಹಾಕ್ತೀನಿ."

ಅವಳು ಹೊರಬಂದಳು. ಗಾಜಿನ ಬಾಗಿಲು ಮುಚ್ಚಿಕೊಂಡಿತು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಬಡಿತ ಕೇಳಿಸಿತು. ಸರ್ವರಿನಲ್ಲಿ ಇನ್ನೂ ಹಳೆಯ ಪಾಸ್‌ವರ್ಡೇ ಇದ್ದುದರಿಂದ ಡೈರೆಕ್ಟರಿ ಸರ್ವರನ್ನು ಹತ್ತಿರ ಸೇರಿಸುತ್ತಿರಲಿಲ್ಲ. ಆ ಸರ್ವರನ್ನು ಕೇಳಿಯೇ ತೆರೆಯುವ ಬಾಗಿಲು ಈಗ ಯಾರ ಕಾರ್ಡನ್ನೂ ಗುರುತಿಸುತ್ತಿರಲಿಲ್ಲ.

ಮ್ಯಾನೇಜರರು ಗಾಜಿಗೆ ಬಾಯಿ ಹಚ್ಚಿದರು. "ವಿನುತಾ, ನಿಮ್ಮರ್ಧ ಹೇಳಿ. ಚಳಿಗೆ ಹಲ್ಲು ಕಟಕಟ ಅಂತಿದೆ."

"ಹೇಳಬಾರದು ಅನ್ನೋ ನಿಯಮ ನಿಮ್ಮದೇ ಅಲ್ವಾ ಸರ್?"

"ನಿಯಮ ಹಾಳಾಗ್ಲಿ, ಹೇಳಿ ತಾಯಿ."

"ಸಹಿ?"

"ಮೊದಲು ಬಾಗಿಲು ತೆಗೀಲಿ."

ಅವರನ್ನು ಅಲ್ಲೇ ಬಿಟ್ಟು ಹೋಗೋಣವೆನ್ನಿಸಿತು. ಆದರೆ ಸಹಿ ಹಾಕಬೇಕಾದ ಕೈಯೂ ಒಳಗೇ ಇತ್ತು. ಅವಳು ಒಂದೊಂದೇ ಅಕ್ಷರ ಹೇಳಿದಳು. ಯಾವ ಕಡತದಲ್ಲಿ, ಯಾವ ಸಾಲಿನಲ್ಲಿ ಬದಲಿಸಬೇಕೆಂಬುದನ್ನೂ ಅವಳೇ ಹೇಳಿಕೊಡಬೇಕಾಯಿತು. ಬಾಗಿಲು ಟಕ್ಕೆಂದು ತೆರೆಯಿತು.

ಅವರು ಅಂಗೈ ಉಜ್ಜಿಕೊಳ್ಳುತ್ತ ಹೊರಬಂದರು. ಅವಳು ಪತ್ರವನ್ನೂ ಪೆನ್ನನ್ನೂ ಚಾಚಿದಳು. ಅವರು ಪತ್ರವನ್ನು ಮಡಿಸಿ ಜೇಬಿಗಿಟ್ಟುಕೊಂಡರು.

"ನೀವೇ ನೋಡಿದ್ರಲ್ಲ ವಿನುತಾ, ನಿಮ್ಮನ್ನ ಕಳಿಸಿಬಿಟ್ರೆ ನನಗೆ ಈ ಬಾಗಿಲು ದಾಟೋಕೂ ಆಗಲ್ಲ."