ಕೋಟೆಯ ಕಿಂಡಿ

ಇದನ್ನು ಬರೆಯುವುದನ್ನು ವರ್ಷಗಟ್ಟಲೆ ಮುಂದೂಡುತ್ತ ಬಂದೆ. ಗಜೇಂದ್ರಗಡದ ಗುಡ್ಡದ ಮೇಲೆ ಗಾಳಿಯಂತ್ರಗಳು ಬಂದಿರುವ ಈ ಕಾಲದಲ್ಲಿ, ಸೊಸೆ ತಂದಿಟ್ಟ ಸೀತಾಫಲದ ವಾಸನೆ ನನ್ನನ್ನು ಬಿಡಲಿಲ್ಲ.

"ವೈರಿ ಏರಿ ಬಂದ್ರ ಮ್ಯಾಲಿಂದ ಕಲ್ಲ ಉಳ್ಳಸತಿದ್ರು" ಎಂದು ಅಜ್ಜ ಹೇಳಿದ್ದ. ಶಾಲೆಗೆ ಹೋಗುತ್ತಿದ್ದ ದಿನಗಳ ಒಂದು ಮಧ್ಯಾಹ್ನ, ಕೋಟೆಯಲ್ಲಿ ಆಡುವಾಗ, ನಾನು ಕಾವಲುಗಾರ, ನನ್ನ ಗೆಳೆಯ ವೈರಿ. ನನಗೂ ಸೇರಿಸಿ ಅಂಗಿಯ ಉಡಿಯಲ್ಲಿ ಸೀತಾಫಲ ತುಂಬಿಕೊಂಡು ಅವನು ಏರಿ ಬರುತ್ತಿದ್ದ. ಹೆದರಿಸಲೆಂದು ಕಲ್ಲು ಉರುಳಿಸಿದೆ. ಅದು ಅವನನ್ನು ದಾಟಿಹೋಗಿ ಕೆಳಗೆ ಮೇಯುತ್ತಿದ್ದ ಆಡನ್ನು ಕೊಂದಿತು.

ಆಡಿನ ಮಾಲಕ ಓಡಿ ಬಂದು ಗೆಳೆಯನ ರಟ್ಟೆ ಹಿಡಿದ. "ಯಾವನಲೇ ಕಲ್ಲ ಉಳ್ಳಿಸಿದಾಂವ?"

ನಾನು ಗೋಡೆಯ ಕಿಂಡಿಯ ಹಿಂದೆ ಅಡಗಿದ್ದೆ. ಬಂದೂಕಿಗೆಂದು ಮಾಡಿದ ಕಿಂಡಿ. ಒಳಗಿದ್ದವನಿಗೆ ಹೊರಗಿನವನು ಕಾಣುತ್ತಾನೆ, ಹೊರಗಿದ್ದವನಿಗೆ ಒಳಗಿನವನು ಕಾಣುವುದಿಲ್ಲ. ಆದರೂ ಗೆಳೆಯ ನೇರ ಅದರತ್ತಲೇ ನೋಡಿದ.

"ನಾನ ರೀ, ಕಾಕಾ" ಎಂದ.

ಹೊಡೆತಕ್ಕೆ ಹಣ್ಣುಗಳು ಉಡಿಯಲ್ಲೇ ಒಡೆದು ಅಂಗಿಯೆಲ್ಲ ಅಂಟಾಯಿತು.

ಸತ್ತ ಆಡಿನ ಬದಲಿಗೆ ಮಾಲಕನ ಆಡು ಕಾಯಲು ಗೆಳೆಯನ ಅಪ್ಪ ಅವನನ್ನು ಶಾಲೆ ಬಿಡಿಸಿದ. ದಾರಿಯಲ್ಲಿ ಸಿಕ್ಕಾಗಲೆಲ್ಲ, "ಇವತ್ತ ಸಾಲ್ಯಾಗ ಏನ ಕಲಿಸಿದ್ರಲೇ?" ಎಂದು ಕೇಳುತ್ತಿದ್ದ. ನಾನು ಪಾಠವನ್ನಷ್ಟೇ ಹೇಳುತ್ತಿದ್ದೆ.

ಅವನ ಹೆಸರು ದಾವಲಸಾಬ.