ಮಂಡಕ್ಕಿ ಓಣಿಯ ಒಪ್ಪಂದ

ಮಂಡಕ್ಕಿ ಭಟ್ಟಿಗಳ ಓಣಿ ಅದು... ಬೆಳಕು ಹರಿಯುವ ಮೊದಲೇ ಅಲ್ಲಿ ಕಪ್ಪು ಹೊಗೆ ಹಬ್ಬುತ್ತಿತ್ತು.

ಅಕ್ಕಿ ಹುರಿಯುವ ಮರಳು ಕಾಯಿಸಲು ಎಲ್ಲರೂ ಉರಿಸುತ್ತಿದ್ದುದು ಹಳೆಯ ಟೈರು. ಅಗ್ಗದ ಉರಿ.

ಖಾತೂನ್‌ಬಿಯ ಗಂಡ ಆ ಹೊಗೆಯಲ್ಲೇ ಕೆಮ್ಮಿ ಕೆಮ್ಮಿ ಕಣ್ಣುಮುಚ್ಚಿದ. ಅಂದಿನಿಂದ ಅವನ ಭಟ್ಟಿ ನಡೆಸುವ ಆಕೆಗೆ ಒಂದೇ ಹಟ... ಈ ಓಣಿಯಲ್ಲಿ ಟೈರು ಉರಿಯಬಾರದು.

ದೇವರು ದಾರಿ ತೋರಿದ. ಇಂಜಿನಿಯರಿಂಗ್ ಕಾಲೇಜಿನವರು ಹೊಸ ಒಲೆ ತಂದರು. ಒಳಗೊಂದು ಫ್ಯಾನು, ಉರಿಸಲು ಭತ್ತದ ಹೊಟ್ಟು... ಹೊಗೆಯಿಲ್ಲದ ನೀಲಿ ಉರಿ!

ಆದರೆ ಖರ್ಚು ತುಸು ಹೆಚ್ಚು.

"ನಾನು ಟೈರು ಬಿಟ್ಟು, ಪಕ್ಕದೋನು ಬಿಡದಿದ್ರೆ? ಅವನ ಮಾಲು ಅಗ್ಗ, ನನ್ನ ಭಟ್ಟಿ ಬಂದ್!" ಎಲ್ಲರದ್ದೂ ಇದೇ ಮಾತು.

"ಒಬ್ರೇ ಬಿಡೋದು ಬ್ಯಾಡ್ರಪ್ಪಾ... ಎಲ್ಲಾರೂ ಒಂದೇ ದಿನ ಬಿಡೋಣ," ಎಂದು ಖಾತೂನ್‌ಬಿ ಮನೆಮನೆ ತಿರುಗಿದಳು.

ಕೊನೆಗೆ ಎಲ್ಲರೂ ಅಕ್ಕಿಗೆ ಬೆರೆಸುವ ಉಪ್ಪು ಮುಟ್ಟಿ ಮಾತು ಕೊಟ್ಟರು. ಹೊಸ ಒಲೆಗಳು ಹೊತ್ತಿದವು, ಓಣಿಗೆ ಆಕಾಶ ಕಂಡಿತು.

ಒಂದು ಬೆಳಿಗ್ಗೆ... ಕೊಟ್ರೇಶಪ್ಪನ ಭಟ್ಟಿಯಿಂದ ಮತ್ತೆ ಕಪ್ಪು ಹೊಗೆ!

ಓಣಿ ಕೆರಳಿತು. "ನೋಡಿದ್ಯಾ ಚಾಚಿ, ನಿನ್ನ ಒಪ್ಪಂದದ ಹಣೇಬರಹ? ದಂಡ ಹಾಕು ಅವನಿಗೆ! ಇಲ್ಲಾಂದ್ರೆ ನಾಳೆಯಿಂದ ನಾವೂ ಟೈರು ಹಾಕ್ತೀವಿ!" ಎಂದು ಅಬ್ಬರಿಸಿದ ಇಮಾಮ್‌ಸಾಬ್.

ಖಾತೂನ್‌ಬಿ ನೇರ ಆ ಭಟ್ಟಿಗೆ ನಡೆದಳು.

"ಬೈಯೋಕ್ ಬಂದ್ಯಾ ಚಾಚಿ? ಬೈದುಬಿಡು," ಎಂದ ಕೊಟ್ರೇಶಪ್ಪ, ತಲೆ ಎತ್ತದೆ. "ಒಲೆ ಫ್ಯಾನು ಸುಟ್ಟೋಯ್ತು. ರಿಪೇರಿಯವ್ರು ಸೋಮವಾರ ಬರ್ತಾರಂತೆ. ಸಂಜೆಗೆ ಮಾಲು ಕೊಡದಿದ್ರೆ ಗಿರಾಕಿ ಕೈ ತಪ್ತಾನೆ."

"ನಮ್ಮನ್ನ ಕೇಳೋಕೇನಾಗಿತ್ತೋ?"

"ಯಾವ ಮುಖ ಇಟ್ಕೊಂಡು ಕೇಳ್ಲಿ? ಉಪ್ಪು ಮುಟ್ಟೋಕೆ ಎಲ್ಲರಿಗಿಂತ ಹಿಂದೆ ನಿಂತೋನು ನಾನು..."

ಖಾತೂನ್‌ಬಿ ಹೊರಗೆ ಬಂದು ಕೂಗಿ ಹೇಳಿದಳು...

"ಇವತ್ತು ನನ್ನ ಒಲೆ ಕೊಟ್ರೇಶನದು! ನನ್ನ ಅಕ್ಕಿ ನಾಳೆ ಹುರಿದ್ರಾಯ್ತು!"



ದಂಡ ಕೇಳಿದ್ದ ಇಮಾಮ್‌ಸಾಬನೇ ಗೊಣಗುತ್ತ ಮುಂದೆ ಬಂದ. "ಅಷ್ಟೂ ಮೂಟೆ ನಿನ್ನೊಬ್ಬಳ ಒಲೇಲಿ ಹುರಿಯೋ ಹೊತ್ತಿಗೆ ನನ್ನ ಮೊಮ್ಮಕ್ಕಳ ಮದುವೆ ಆಗಿರ್ತದೆ ಚಾಚಿ! ತಾ ಇತ್ಲಾಗೆ, ಎರಡು ಮೂಟೆ ನಂಗಿರ್ಲಿ."

ಅವನ ಹಿಂದೆ ಇನ್ನೊಬ್ಬ... ಮತ್ತೊಬ್ಬ... ಕೊಟ್ರೇಶಪ್ಪನ ಅಕ್ಕಿ ಮೂಟೆಗಳು ಭಟ್ಟಿಭಟ್ಟಿಗೆ ಹೊರಟವು.

ಕೊಟ್ರೇಶಪ್ಪ ತನ್ನ ಕೈಯಾರೆ ಉರಿವ ಟೈರಿನ ಮೇಲೆ ಕೊಡ ನೀರು ಸುರಿದ. ಕಣ್ಣೀರು ತಡೆಯಲಾಗದೆ ಅಲ್ಲೇ ಕುಳಿತುಬಿಟ್ಟ.

ಸಂಜೆಗೆ ಮಾಲು ಸಿದ್ಧವಾಯಿತು! ಒಪ್ಪಂದಕ್ಕೊಂದು ಹೊಸ ಮಾತೂ ಸೇರಿತು... ಯಾರ ಒಲೆ ಕೆಟ್ಟರೂ ಅವರ ಅಕ್ಕಿ ಎಲ್ಲರ ಒಲೆಯಲ್ಲಿ.

ಮರುವಾರ ಮಾರಲು ಟೈರು ತುಂಬಿಕೊಂಡ ಲಾರಿಯೊಂದು ಬಂದು ಓಣಿಯ ಬಾಯಲ್ಲಿ ಹಾರನ್ ಹೊಡೆಯಿತು... ಹೊಡೆಯುತ್ತಲೇ ಇತ್ತು...

ಒಂದು ಬಾಗಿಲೂ ತೆರೆಯಲಿಲ್ಲ. ಲಾರಿ ತುಂಬಿದ ಹಾಗೆಯೇ ಹಿಂದಿರುಗಿತು!

*ಭೂಮಿಯನ್ನು ಕಾಯಿಸುವ ಹೊಗೆ ತಗ್ಗಿಸಲು ಹೊಸ ಯಂತ್ರವೂ ಬೇಕು, ಒಪ್ಪಂದವೂ ಬೇಕು... ಆದರೆ ಅದು ಓಣಿಯದಾಗಲಿ, ದೇಶಗಳದಾಗಲಿ, ಒಪ್ಪಂದ ಉಳಿಯುವುದು ಎಡವಿದವನ ಕೈ ಹಿಡಿದಾಗ ಮಾತ್ರ.*

ನಿಮ್ಮ ನೆರೆಯವರ ಒಲೆ ಕೆಟ್ಟ ದಿನ... ನೀವು ದಂಡ ಕೇಳುವಿರೋ, ಒಲೆ ಬಿಟ್ಟುಕೊಡುವಿರೋ?