ಮಾತ್ರೆ ಮುಟ್ಟದವನು

"ಬಾಗಿಲು ತೆಗೀರಿ!"

ಲಿಫ್ಟ್ ರಿಪೇರಿಯವನು ಆಸ್ಪತ್ರೆಯ ಕೋಣೆಯೊಳಗಿಂದ ಗಾಜಿನ ಗೋಡೆಯನ್ನು ಬಡಿದ. ಯಾರೂ ತೆಗೆಯಲಿಲ್ಲ. ಅವನ ಮೇಲೆ ನಡೆಯುತ್ತಿದ್ದ ಔಷಧದ ಪರೀಕ್ಷೆ ಮುಗಿಯುವವರೆಗೆ ಕೋಣೆಯ ತಾಪ ಏರುಪೇರಾಗಬಾರದು, ಹಾಗಾಗಿ ಬಾಗಿಲು ತೆಗೆಯುವಂತಿಲ್ಲ. ಈ ಷರತ್ತಿಗೆ ಬೆಳಿಗ್ಗೆ ನಗುನಗುತ್ತಾ ಒಪ್ಪಿದವನು ಅವನೇ.

ಈಗ ಅಂಗಿ ಬೆವರಿನಲ್ಲಿ ತೊಯ್ದಿತ್ತು. ಜ್ವರ ಏರುತ್ತಲೇ ಇತ್ತು.

ಕೊನೆಗೂ ಡಾಕ್ಟರಮ್ಮ ಒಳಗೆ ಬಂದರು. ಹಿಂದೆಯೇ ನುಗ್ಗಿದ ಅವನ ಹೆಂಡತಿಯನ್ನು ನರ್ಸ್ ಬಾಗಿಲಲ್ಲೇ ತಡೆದಳು.

"ನಿಜ ಹೇಳಿ. ಬೇರೆ ಏನಾದ್ರೂ ಮಾತ್ರೆ ತಗೋತಿದ್ದೀರಾ?"

"ಇಲ್ಲ ಅಂತ ಎಷ್ಟು ಸಲ ಹೇಳ್ಲಿ?"

"ನಾವು ಕೊಟ್ಟಿದ್ದು ಮಿದುಳಿನಲ್ಲಿ ಮನಸ್ಸಿನ ಸ್ಥಿತಿ ನೋಡಿಕೊಳ್ಳೋ ಸೆರೊಟೋನಿನ್ ಗ್ರಾಹಕಗಳನ್ನ ಸ್ವಲ್ಪ ತಟ್ಟಿ ಎಬ್ಬಿಸುತ್ತೆ, ಅಷ್ಟೇ. ಮೈ ಚೂರು ಬಿಸಿಯಾಗ್ಬೇಕು, ರಕ್ತದಲ್ಲಿ ಹಾರ್ಮೋನು ಚೂರು ಏರಬೇಕು. ನಿಮಗೆ ಎರಡೂ ಮಿತಿ ಮೀರಿದೆ. ಒಳಗೆ ಮೊದಲೇ ಅದೇ ಜಾತಿ ಮದ್ದು ಇದ್ರೆ ಹೀಗಾಗುತ್ತೆ. ಯಾವುದು ಅಂತ ತಿಳೀದೆ ನಾನು ಇನ್ನೊಂದು ಕೊಟ್ರೆ, ಪ್ರಾಣಕ್ಕೇ ಕುತ್ತು ಬರಬಹುದು."

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ಅಳತೆ ತಪ್ಪಿ ಹೆಚ್ಚು ಮದ್ದು ಕೊಟ್ಟವರು ಇವರು, ಸುಳ್ಳುಗಾರ ತಾನು. ಅವನಿಗೆ ಮೈಯೆಲ್ಲ ಉರಿಯಿತು.

ಮಾತ್ರೆಯೆಂದರೆ ಅವನಿಗೆ ಆಗದು. ಹಿಂದೊಮ್ಮೆ ಕೆಟ್ಟುನಿಂತ ಲಿಫ್ಟಿನೊಳಗೆ ಒಬ್ಬನೇ ಸಿಕ್ಕಿಕೊಂಡಿದ್ದ. ಅಂದಿನಿಂದ ಲಿಫ್ಟ್ ಕಂಡರೆ ಉಸಿರು ಕಟ್ಟುತ್ತಿತ್ತು. ಕೆಲಸ ಬಿಟ್ಟು ಹಾಸಿಗೆ ಹಿಡಿದ. ಮನೋವೈದ್ಯರು ಕೊಟ್ಟ ಮಾತ್ರೆಗಳನ್ನು "ಹುಚ್ಚರು ನುಂಗೋದು ಇದು" ಎಂದು ಡಬ್ಬಿ ಸಮೇತ ಎಸೆದ. ಆಮೇಲೆ ತಾನಾಗಿಯೇ ಚೇತರಿಸಿಕೊಂಡ. ಮತ್ತೆ ಕೆಲಸಕ್ಕೆ ಹೋದ. ಮನೋಬಲವೊಂದಿದ್ದರೆ ಸಾಕೆಂದು ಕಂಡಕಂಡವರಿಗೆಲ್ಲ ಉಪದೇಶ ಮಾಡಿದ. ಆರೋಗ್ಯವಂತರು ಬೇಕು, ಮಾತ್ರೆಯಲ್ಲ ಒಂದೇ ಇಂಜೆಕ್ಷನ್ ಎಂದಿದ್ದಕ್ಕೆ ಅದೇ ಹುಮ್ಮಸ್ಸಿನಲ್ಲಿ ಈ ಪರೀಕ್ಷೆಗೂ ಬಂದ. ಹೆಂಡತಿ ಮಾತ್ರ ಬೇಡವೆಂದು ಹಟ ಹಿಡಿದಳು. ಯಾಕೆಂದು ಕೇಳಿದರೆ ತುಟಿ ಬಿಚ್ಚಲಿಲ್ಲ. ಹೆದರುಪುಕ್ಕಲಿ ಎಂದು ಅವಳನ್ನು ಗೇಲಿ ಮಾಡಿ ಬಂದಿದ್ದ.

ಈಗ ಗೋಡೆಗಳು ಮೈಮೇಲೆ ಸರಿದು ಬಂದಂತಾಯಿತು. ಅದೇ ಹಳೆಯ ಭಯ. ಇಲ್ಲಿಂದ ಬದುಕಿ ಹೊರಬೀಳಬೇಕಾದರೆ ಯಾರಾದರೂ ತನ್ನ ಮಾತು ನಂಬಲೇಬೇಕು.

"ನೀನಾದ್ರೂ ಹೇಳೇ ಇವರಿಗೆ! ನಾನು ಮಾತ್ರೆ ಮುಟ್ಟೋ ಪೈಕಿನಾ?"

ಬಾಗಿಲಲ್ಲಿ ನಿಂತಿದ್ದವಳ ಮುಖ ಬಿಳಿಚಿಕೊಂಡಿತ್ತು. ಅವಳು ಗಂಡನನ್ನು ನೋಡಲಿಲ್ಲ.

"ಇವರು ಮುಟ್ಟಲ್ಲ ಡಾಕ್ಟ್ರಮ್ಮಾ, ಅದಕ್ಕೇ ಆ ಮನಸ್ಸಿನ ಡಾಕ್ಟ್ರು ಬರೆದ ಮಾತ್ರೇನ ನಾನೇ ತಂದು ದಿನಾ ಪುಡಿ ಮಾಡಿ ಕಾಫಿಗೆ ಹಾಕ್ತಿದ್ದೆ."